ಇಸಿ ಕ್ಲೀನ್ ಇತ್ತು, ತಂಗೀರು ಇಬ್ರು ಇದ್ರು

ದಿನಾ ತುಮಕೂರಿಂದ ಬೆಂಗಳೂರಿಗೆ ಟ್ರೈನಲ್ಲಿ ನಿಂತ್ಕೊಂಡೇ ಓಡಾಡಿ, ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ, 2025ರ ದೀಪಾವಳಿ ಆದ್ಮೇಲೆ ಮನೆ ಹುಡುಕೋಕೆ ಶುರು ಮಾಡಿದ್ವಿ. ಹೆಗ್ಗೆರೆ ಕಡೆ ನೋಡಿದ ಎರಡೂ ರೆವಿನ್ಯೂ ಸೈಟು, ಅಂದ್ರೆ ಹೊಲದ ಜಮೀನು, ಮನೆ ಕಟ್ಟೋಕೆ ಅಂತ ಕನ್ವರ್ಷನ್ನೇ ಆಗಿರ್ಲಿಲ್ಲ, ಬ್ಯಾಂಕ್ ಮ್ಯಾನೇಜರು ಪೇಪರ್ ಮುಟ್ಲೂ ಇಲ್ಲ. ಮೂರನೇದು ಮರಳೂರು ಕಡೆ, 30-40 ಸೈಟು, ಟುಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಲೇಔಟು, ಪೂರ್ವದ ಬಾಗಿಲು, ಹಿಂದ್ಗಡೆ ಒಂದು ನುಗ್ಗೆ ಮರ. ನನ್ ಹೆಂಡ್ತಿ ಅಡುಗೆಮನೆ ಕಿಟಕಿ ತೆಗೆದು ನೋಡಿದ್ಲು ಅಷ್ಟೇ, ಅಲ್ಲೇ ಗಟ್ಟಿ ಆಗೋಯ್ತು. 48 ಲಕ್ಷ.

ಬ್ಯಾಂಕು 80% ಮೇಲೆ ಕೊಡಲ್ಲ, ಮಿಕ್ಕಿದ್ದು, 5% ಸ್ಟ್ಯಾಂಪ್ ಡ್ಯೂಟಿ, ಅದ್ರ ಮೇಲೆ ಸೆಸ್ಸು, ಆಗಸ್ಟಿಂದ 1% ಇದ್ದಿದ್ದು 2% ಆಗಿರೋ ರಿಜಿಸ್ಟ್ರೇಷನ್ ಫೀಸು ಎಲ್ಲಾ ಸೇರಿ 13 ಲಕ್ಷ ಕೈಯಿಂದ ಹೋಗುತ್ತೆ ಅಂತ ಲೆಕ್ಕ ಹಾಕಿದ್ದೆ. ಲೆಕ್ಕದಲ್ಲಿ ನಾನು ಹುಷಾರು. ಆದ್ರೆ ಬ್ರೋಕರು "ನಾಳೆ ಇನ್ನೊಂದು ಪಾರ್ಟಿ ಬರ್ತಾವ್ರೆ ಸಾರ್" ಅಂದಿದ್ದೇ ತಡ, 50 ಸಾವಿರ ಟೋಕನ್ ಕೊಟ್ಬಿಟ್ಟೆ, ಕ್ಯಾಶು, ಒಂದು ಚೀಟಿನೂ ಬರೆಸ್ಕೊಳ್ಳದೆ. (ಎಲ್ಲಾ ಬ್ರೋಕರ್‌ಗಳ ಹತ್ರನೂ ಆ ಇನ್ನೊಂದು ಪಾರ್ಟಿ ಇದ್ದೇ ಇರ್ತಾರೆ.)

ಭಾನುವಾರ ಅಮ್ಮನ್ನ ಕರ್ಕೊಂಡು ಹೋದೆ, ಹೋಗ್ತಾ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದ್ವಿ. ನಾನು ಬೋರ್ ನೀರು, ಗೋಡೆ ಬಿರುಕು ಅಂತ ನೋಡ್ತಿದ್ರೆ ಅಮ್ಮ ಪಕ್ಕದ ಮನೆ ಜಗುಲಿ ಮೇಲೆ ಕೂತು ಹೂವ ಕಟ್ತಿದ್ದ ಅಜ್ಜಿ ಜೊತೆ ಮಾತಿಗೆ ಬಿದ್ದಿದ್ರು. ವಾಪಸ್ ಬರ್ತಾ ಸ್ಕೂಟರ್ ಮೇಲೆ ಹಿಂದಿನಿಂದ ಕೇಳಿದ್ರು, "ಅಲ್ವೋ, ಮನೆ ಮಾರೋ ಆಯಪ್ಪಂಗೆ ತಂಗೀರು ಇಬ್ರು ಅವ್ರಂತೆ, ಒಬ್ಳು ತಿಪಟೂರಲ್ಲಿ, ಒಬ್ಳು ಮಧುಗಿರೀಲಿ, ಅವ್ರೂ ಸೈನ್ ಹಾಕ್ತಾರಾ?"

ಬ್ರೋಕರ್‌ಗೆ ಫೋನ್ ಮಾಡಿದ್ರೆ "ಅವ್ರಿಗೆ 2005ಕ್ಕೂ ಮುಂಚೆನೇ ಮದ್ವೆ ಆಗೈತೆ ಸಾರ್, ಹಕ್ಕೇ ಬರಲ್ಲ" ಅಂದ. ಎಷ್ಟು ಧೈರ್ಯವಾಗಿ ಅಂದ ಅಂದ್ರೆ ನಾನೂ ನಂಬಿದೆ.

ಮಾರನೇ ದಿನ ರಜಾ ಹಾಕಿ ಲಾಯರ್ ಹತ್ರ ಹೋದೆ, ಟೋಕನ್ನಿಗೆ ಮುಂಚೆ ಹೋಗ್ಬೇಕಿತ್ತು, ಇರ್ಲಿ. ಅವರು ನಕ್ಕು, ಹೆಣ್ಮಕ್ಳಿಗೂ ಪಾಲು ಕೊಟ್ಟ 2005ರ ತಿದ್ದುಪಡಿ ಪಿತ್ರಾರ್ಜಿತಕ್ಕೆ ಕಣ್ರೀ, ಅದ್ರಲ್ಲೂ ಮದ್ವೆ ಯಾವಾಗ ಆಯ್ತು ಅನ್ನೋದು ಲೆಕ್ಕಕ್ಕಿಲ್ಲ, ಇದು ಮಾರೋನ ಅಪ್ಪ ಸ್ವಂತ ದುಡ್ಡಲ್ಲಿ ತಗೊಂಡ ಸೈಟು, ವಿಲ್ ಬರೀದೆ ತೀರ್ಕೊಂಡಿದಾರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರನೇ ಮಗನಿಗೆಷ್ಟೋ ಮಗಳಿಗೂ ಅಷ್ಟೇ, ತಾಯಿನೂ ಇಲ್ಲ ಅಂದ್ಮೇಲೆ ಮೂರು ಪಾಲು ಅಂದ್ರು. ಇ-ಖಾತಾ ಮಗನ ಹೆಸರಲ್ಲೇ ಇದೆಯಲ್ಲ ಸಾರ್ ಅಂದೆ. ಖಾತೆ ಕಂದಾಯ ಕಟ್ಟೋಕೆ, ಮಾಲೀಕ ಯಾರು ಅಂತ ಅದ್ರಿಂದ ತೀರ್ಮಾನ ಆಗಲ್ಲ ಅಂದ್ರು. ಇಸಿನೂ (ಋಣಭಾರ ಪತ್ರ, ಆಸ್ತಿ ಮೇಲಿನ ಸಾಲ, ವ್ಯವಹಾರ ತೋರ್ಸೋದು) ಕ್ಲೀನ್ ಇದೆ ಅಂದೆ. "ಇಸೀಲಿ ರಿಜಿಸ್ಟರ್ ಆದ ಪತ್ರ ಮಾತ್ರ ಕಾಣೋದು. ಅಪ್ಪ ಸತ್ತಿದ್ದನ್ನ ಯಾರಾದ್ರೂ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ರಿಜಿಸ್ಟರ್ ಮಾಡಿಸ್ತಾರೇನ್ರೀ?" ವಂಶವೃಕ್ಷ ತರಿಸಿ, ತಂಗೀರು ಕ್ರಯಪತ್ರಕ್ಕೆ ಸೈನ್ ಹಾಕ್ಲಿ, ಇಲ್ಲಾ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡ್ಕೊಡ್ಲಿ ಅಂದ್ರು.

ಅಮ್ಮ ಆ ಅಜ್ಜಿ ಹತ್ರನೇ ತಿಪಟೂರು ತಂಗಿ ನಂಬರ್ ಇಸ್ಕೊಂಡ್ರು. ಫೋನ್ ಮಾಡಿ ವಿಷ್ಯ ಹೇಳಿದ್ರೆ ಆಯಮ್ಮ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಆಮೇಲೆ, "ಮಾರ್ತಾವ್ನಾ? ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಬಂದಿದ್ನಲ್ಲ, ಏನೂ ಹೇಳ್ಲಿಲ್ಲ" ಅಂದ್ರು.

ಟೋಕನ್ನಲ್ಲಿ 30 ಸಾವಿರ ಮೂರು ತಿಂಗಳಾದ್ಮೇಲೆ ಬಂತು. ಉಳಿದಿದ್ದಕ್ಕೆ ಫೋನ್ ಮಾಡಿದ್ರೆ ಬ್ರೋಕರು ಈಗ ಶೆಟ್ಟಿಹಳ್ಳಿ ಕಡೆ ಇನ್ನೊಂದು ಮನೆ ಐತೆ ನೋಡಿ ಸಾರ್ ಅಂತಾನೆ.