ಇಐಎ ವರದಿಯಲ್ಲಿ ಮೊದಲು ತೆರೆಯಬೇಕಾದ ಪುಟ

ಜಲವಿದ್ಯುತ್ ಯೋಜನೆಯ ಪರಿಸರ ಪರಿಣಾಮ ಅಂದಾಜು ವರದಿ (ಇಐಎ) ಕೈಗೆ ಸಿಕ್ಕಿದರೆ ಎಷ್ಟು ಕಾಡು ಹೋಗುತ್ತದೆ, ಎಷ್ಟು ಮನೆ ಮುಳುಗುತ್ತದೆ ಎಂದು ಎಲ್ಲರೂ ಹುಡುಕುತ್ತಾರೆ. ಹುಡುಕಲೇಬೇಕು. ಆದರೆ ಅಣೆಕಟ್ಟಿನ ಕೆಳಗೆ ಹೊಳೆ ಬದುಕುತ್ತದೋ ಇಲ್ಲವೋ ಎನ್ನುವುದು ಬೇರೊಂದು ಕಡೆ ತೀರ್ಮಾನವಾಗಿರುತ್ತದೆ. ಜಲವಿಜ್ಞಾನದ ಅಧ್ಯಾಯದಲ್ಲಿ ಹತ್ತು ಹತ್ತು ದಿನದ ಹರಿವಿನ ಪಟ್ಟಿ ಇರುತ್ತದೆ, ವರ್ಷಕ್ಕೆ 36 ಸಾಲು. ಮೊದಲು ಅದನ್ನು ತೆರೆಯಿರಿ.

ಆ ಅಂಕಿಗಳು ಎಲ್ಲಿಂದ ಬಂದವು ಎಂಬುದೇ ಮೊದಲ ಪ್ರಶ್ನೆ. ಅಣೆಕಟ್ಟು ಕಟ್ಟುವ ಜಾಗದಲ್ಲೇ ಹರಿವು ಅಳೆದಿರುವುದು ಅಪರೂಪ. ಸಾಮಾನ್ಯವಾಗಿ ಕೆಳಗೆಲ್ಲೋ ಇರುವ, ಇಲ್ಲವೇ ಪಕ್ಕದ ಹೊಳೆಯ ಮಾಪನ ಕೇಂದ್ರದ ಲೆಕ್ಕವನ್ನು ಜಲಾನಯನ ಪ್ರದೇಶದ ವಿಸ್ತೀರ್ಣಕ್ಕೆ ತಕ್ಕಂತೆ ಭಾಗಿಸಿರುತ್ತಾರೆ. ಬಯಲುಸೀಮೆಯಲ್ಲಿ ಇದು ಹೇಗೋ ನಡೆದೀತು, ಪಶ್ಚಿಮ ಘಟ್ಟದಲ್ಲಿ ನಡೆಯದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಅಲ್ಲಿಂದ ನೂರು ಕಿ.ಮೀ. ಒಳಗಿರುವ ಶಿವಮೊಗ್ಗದಲ್ಲಿ ಸಾವಿರದ ಆಸುಪಾಸು. ಮಳೆಯ ವ್ಯತ್ಯಾಸ ಸರಿದೂಗಿಸದೆ ವಿಸ್ತೀರ್ಣ ಮಾತ್ರ ನೋಡಿ ಭಾಗಿಸಿದ ಲೆಕ್ಕದ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಇನ್ನು ಹೊಳೆಗೆ ಬಿಡಬೇಕಾದ ನೀರು, ಅಂದರೆ ಪರಿಸರ ಹರಿವು. ಕೇಂದ್ರದ ತಜ್ಞರ ಸಮಿತಿ ಬಳಸುತ್ತ ಬಂದಿರುವ ಅಳತೆಗೋಲಿನಲ್ಲಿ, ನೀರು ಕಡಿಮೆ ಇರುವ ನಾಲ್ಕು ತಿಂಗಳ ಸರಾಸರಿಯ ಶೇ. 20 ಬಿಡಬೇಕು. ಮಳೆಗಾಲಕ್ಕೆ ಶೇ. 30. ಸರಾಸರಿ ತೆಗೆಯುವುದು ಹತ್ತರಲ್ಲಿ ಒಂಬತ್ತು ವರ್ಷ ಕನಿಷ್ಠ ಅಷ್ಟಾದರೂ ನೀರು ಬರುತ್ತದೆ ಎನ್ನುವಂಥ ವರ್ಷದ ಹರಿವಿನಿಂದ. ಶೇಕಡಾವಾರು ಕೇಳುವುದಕ್ಕೆ ಚೆನ್ನಾಗಿಯೇ ಇದೆ. ಹೊಳೆಯ ಪಾತ್ರಕ್ಕೆ ಇಳಿಸಿ ನೋಡಿ.

ಬೇಸಿಗೆಯ ಸರಾಸರಿ ಸೆಕೆಂಡಿಗೆ 5 ಘನ ಮೀಟರ್ ಎಂದಿಟ್ಟುಕೊಳ್ಳೋಣ. ಶೇ. 20 ಎಂದರೆ 1 ಘನ ಮೀಟರ್, ಸುಮಾರು 35 ಕ್ಯುಸೆಕ್. ಪಾತ್ರ 30 ಮೀಟರ್ ಅಗಲ, ನೀರಿನ ವೇಗ ಸೆಕೆಂಡಿಗೆ 30 ಸೆಂ.ಮೀ. ಆದರೆ ಆಳ ಬರುವುದು 11 ಸೆಂ.ಮೀ., ಹೆಚ್ಚುಕಡಿಮೆ ಪಾದದ ಗಂಟಿನಷ್ಟು. ದಕ್ಷಿಣ ಕನ್ನಡದ ಶಿಶಿಲದ ದೇವಸ್ಥಾನದೆದುರು ಕಾಣುವಂಥ ದೊಡ್ಡ ಮಹಶೀರ್ ಮೀನಿನ ಬೆನ್ನು ಅದರಲ್ಲಿ ಮುಳುಗುವುದಿಲ್ಲ. ಒಂದು ಮಡುವಿನಿಂದ ಇನ್ನೊಂದಕ್ಕೆ ಅದು ದಾಟುವುದೆಲ್ಲಿಂದ? ಆದ್ದರಿಂದ ಶೇಕಡಾವಾರಿನ ಜೊತೆಗೆ ಆಳ, ಅಗಲ, ವೇಗವನ್ನೂ ಕೇಳಬೇಕು. ಅದಕ್ಕೆ ಹೊಳೆಗೆ ಅಡ್ಡಲಾಗಿ ಹಲವು ಕಡೆ ಪಾತ್ರದ ಸೀಳುನೋಟ ಅಳೆದಿರಬೇಕು. ಎರಡೇ ಕಡೆ ಅಳೆದಿದ್ದರೆ ಸಾಲದು.

ಲೆಕ್ಕ ತಪ್ಪುವ ಜಾಗಗಳು ಇನ್ನೂ ಇವೆ. ಟರ್ಬೈನಿನಿಂದ ಹೊರಬರುವ ನೀರನ್ನೂ ಪರಿಸರ ಹರಿವಿಗೆ ಸೇರಿಸಿ ತೋರಿಸುವುದುಂಟು. ಸುರಂಗ ಕಟ್ಟಿ ನೀರು ತಿರುಗಿಸಿದ ಯೋಜನೆಯಲ್ಲಿ ಅದು ಹೊಳೆ ಸೇರುವುದು ಎಷ್ಟೋ ಕಿ.ಮೀ. ಕೆಳಗೆ, ಒಣಗುವುದು ನಡುವಿನ ಪಾತ್ರ. ಆ ಉದ್ದ ಎಷ್ಟು, ನಡುವೆ ಸೇರುವ ಹಳ್ಳಗಳಲ್ಲಿ ಮಾರ್ಚ್‌ನಲ್ಲೂ ನೀರಿರುತ್ತದೆಯೇ ಎಂದು ಊರಿನವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಇನ್ನೊಂದು, ದಿನದ ಸರಾಸರಿ. ಹಗಲೆಲ್ಲ ನೀರು ತಡೆದು ಸಂಜೆ ಮೂರು ತಾಸು ಬಿಟ್ಟರೂ ಸರಾಸರಿ ಸರಿಯಾಗಿಯೇ ಕಾಣುತ್ತದೆ. ಹೊಳೆಗಿಳಿದವರ ಜೀವಕ್ಕೂ ಇದು ಅಪಾಯ. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಲಾರ್ಜಿ ಅಣೆಕಟ್ಟಿನಿಂದ ಏಕಾಏಕಿ ಬಂದ ನೀರಿಗೆ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಗಂಟೆ ಗಂಟೆಯ ಲೆಕ್ಕ ಕೇಳಿ, ಸೈರನ್ ಎಲ್ಲೆಲ್ಲಿ ಇಡುತ್ತಾರೆಂದೂ ಕೇಳಿ.

ನೀರು ಬಿಡುವ ತೂಬಿನ ನಕ್ಷೆಯನ್ನೂ ಬಿಡಬಾರದು. ಹೂಳು ಹೊರಹಾಕುವ ಗೇಟಿನಲ್ಲೇ ಪರಿಸರ ಹರಿವನ್ನೂ ಬಿಡುತ್ತೇವೆ ಎಂದಿದ್ದರೆ, ಹೂಳು ತುಂಬಿದ ದಿನ ಅದೂ ನಿಂತಿತು. ಗೇಟಿಲ್ಲದ ಪ್ರತ್ಯೇಕ ಕಿಂಡಿ ಬೇಕು. ಅದರ ತಳ ಹೂಳಿನ ಮಟ್ಟಕ್ಕಿಂತ ಮೇಲೆ, ಕಿಂಡಿ ಪೂರ್ತಿಯಾಗಿ ಕನಿಷ್ಠ ನೀರಿನ ಮಟ್ಟಕ್ಕಿಂತ ಕೆಳಗೆ ಇರಬೇಕು. ಕೆಳಗಡೆ ನೀರಿನ ಮಟ್ಟ ತೋರಿಸುವ, ಯಾರ ಕಣ್ಣಿಗೂ ಕಾಣುವ ಅಳತೆಪಟ್ಟಿ ಇರಬೇಕು.

2006ರ ಇಐಎ ಅಧಿಸೂಚನೆಯ ಪ್ರಕಾರ 25 ಮೆಗಾವ್ಯಾಟ್‌ಗಿಂತ ಕಡಿಮೆಯ ಯೋಜನೆಗೆ ಈ ವರದಿಯೂ ಬೇಡ, ಊರಿನವರ ಅಹವಾಲು ಕೇಳುವ ಸಭೆಯೂ ಬೇಡ. ಇದು ದೊಡ್ಡ ಕಂಡಿ. ಒಂದೇ ಹೊಳೆಯಲ್ಲಿ 24 ಚಿಲ್ಲರೆ ಮೆಗಾವ್ಯಾಟಿನ ಎರಡು ಯೋಜನೆ ಕಂಡರೆ, ಒಂದನ್ನೇ ಎರಡಾಗಿ ಒಡೆದು ತೋರಿಸಿರಬಹುದು; ಅಣೆಕಟ್ಟು, ವಿದ್ಯುದಾಗಾರ, ವಿದ್ಯುತ್ತನ್ನು ತಂತಿಗೆ ಸೇರಿಸುವ ಸ್ವಿಚ್‌ಯಾರ್ಡ್ ಬೇರೆ ಬೇರೆಯೋ ಒಂದೆಯೋ ನೋಡಿ. ಅರಣ್ಯ ಭೂಮಿ ಬಳಸುವುದಾದರೆ ಎಷ್ಟೇ ಚಿಕ್ಕದಾದರೂ ಅರಣ್ಯ ತೀರುವಳಿ ಬೇಕೇ ಬೇಕು.

ಶರಾವತಿಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯಂಥದ್ದರಲ್ಲಿ ಪ್ರಶ್ನೆಗಳು ಬೇರೆ. ಕೆಳಗಿನ ಗೇರುಸೊಪ್ಪ ಜಲಾಶಯದಿಂದ ಮೇಲಿನ ತಲಕಳಲೆಗೆ ನೀರೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಯೋಜನೆ ಇದು, ಜಾಗ ಸಿಂಗಳೀಕಗಳ ಅಭಯಾರಣ್ಯ. ಅಲ್ಲಿ ಸುರಂಗದ ಕಲ್ಲುಮಣ್ಣಿನ ಲೆಕ್ಕ ಹಿಡಿಯಬೇಕು. ಅಗೆದ ಬಂಡೆ ಹೊರಬಿದ್ದ ಮೇಲೆ ಸುಮಾರು ಒಂದೂವರೆ ಪಟ್ಟು ಉಬ್ಬುತ್ತದೆ. ವರದಿಯಲ್ಲಿ ತೋರಿಸಿದ ರಾಶಿಯ ಜಾಗಕ್ಕೆ ಅಷ್ಟೂ ಹಿಡಿಸದಿದ್ದರೆ ಮೊದಲ ಮಳೆಗೇ ಹೊಳೆಗಿಳಿಯುತ್ತದೆ.

ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನದ ನೋಟಿಸ್ ಕೊಡಬೇಕು. ಅಷ್ಟರೊಳಗೆ ಆಕ್ಷೇಪಣೆಯನ್ನು ಪುಟ, ಕೋಷ್ಟಕದ ಸಂಖ್ಯೆ ಸಮೇತ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. "ಹೊಳೆ ಸಾಯುತ್ತದೆ" ಎಂಬ ಮಾತಿಗೆ ಅಂತಿಮ ವರದಿಯಲ್ಲಿ ಒಂದು ಸಾಲಿನ ಸಮಾಧಾನ ಬರೆದು ಮುಗಿಸುವುದು ಸುಲಭ. ಅಂಕಿ ಹಿಡಿದು ಕೇಳಿದ್ದಕ್ಕೆ ಅಂಕಿಯಲ್ಲೇ ಉತ್ತರಿಸಬೇಕಾಗುತ್ತದೆ. ಸಭೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು, ಅಲ್ಲಿಯವರೆಗೆ ಎದ್ದು ಹೋಗಬೇಡಿ.

ಅನುಮತಿ ಸಿಕ್ಕ ಮೇಲೆ ಷರತ್ತು ಪಾಲನೆಯ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಜೂನ್ ವರದಿಯಲ್ಲಿ ಮಾರ್ಚ್‌ನ ಹರಿವು ಎಷ್ಟೆಂದು ಬರೆದಿದ್ದಾರೆ ನೋಡಿ, ಮಾರ್ಚ್‌ನಲ್ಲಿ ತಾರೀಖು ಸಮೇತ ನೀವೇ ತೆಗೆದಿಟ್ಟ ಅಳತೆಪಟ್ಟಿಯ ಫೋಟೊ ಜೊತೆ ಹೋಲಿಸಿ. ತಾಳೆಯಾಗದಿದ್ದರೆ ಎರಡನ್ನೂ ಸೇರಿಸಿ ಪರಿಸರ ಸಚಿವಾಲಯದ ಪ್ರಾದೇಶಿಕ ಕಚೇರಿಗೆ ಕಳಿಸಿ.