ಡೆನ್ವರ್‌ನಿಂದ ಡೆಡ್ ಹಾರ್ಸ್ ಪಾಯಿಂಟ್: ಟ್ರೇಲರ್ ಕಟ್ಟಿಕೊಂಡು ಘಾಟಿ ಹತ್ತುವ ಮುನ್ನ

ಡೆನ್ವರ್‌ನಿಂದ ಐ-70 ಹಿಡಿದು ಯೂಟಾದ ಡೆಡ್ ಹಾರ್ಸ್ ಪಾಯಿಂಟ್ ಸ್ಟೇಟ್ ಪಾರ್ಕ್‌ಗೆ ಪಿಕಪ್ಪಿನಲ್ಲಿ ಕ್ಯಾಂಪಿಂಗ್ ಟ್ರೇಲರ್ ಎಳೆಯುವವರು ಜಾಹೀರಾತಿನ ‘11,000 ಪೌಂಡ್ ಎಳೆಯುತ್ತದೆ’ ಎಂಬ ಮಾತನ್ನು ಬದಿಗಿಟ್ಟು, ಪಿಕಪ್ಪಿನ ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಚೀಟಿ ಓದಬೇಕು. ಜನ, ಸಾಮಾನು ಸೇರಿ ಎಷ್ಟು ಹೇರಬಹುದು ಎಂಬುದು ಅಲ್ಲಿದೆ. ಹಾಫ್-ಟನ್ (ದೊಡ್ಡ ಪಿಕಪ್ಪುಗಳಲ್ಲಿ ಹಗುರ ದರ್ಜೆಯ) ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಎಳೆಯುವ ಮಿತಿಗಿಂತ ಮೊದಲು ಹೊರುವ ಮಿತಿ ಮುಗಿಯುತ್ತದೆ.

ಚೀಟಿಯಲ್ಲಿ 1,600 ಪೌಂಡ್ ಇದೆ ಎನ್ನಿ. ನೀರಿನ ಟ್ಯಾಂಕ್ ಖಾಲಿಯಿದ್ದು ಸಾಮಾನು ತುಂಬಿದ ಟ್ರೇಲರ್ 6,300. ಅದರ ಶೇ 10ರಿಂದ 15 ಭಾಗ ಹಿಚ್ (ಟ್ರೇಲರನ್ನು ಪಿಕಪ್ಪಿಗೆ ಜೋಡಿಸುವ ಕೊಂಡಿ) ಮೇಲೆ ಕೂರಬೇಕು. ಶೇ 13 ಹಿಡಿದರೆ 819. ಭಾರ ಹಂಚುವ ಹಿಚ್‌ನದೇ ಸುಮಾರು 90. ಚಾಲಕ ಸೇರಿ ನಾಲ್ವರು 600. ಒಟ್ಟು 1,509, ಉಳಿದದ್ದು 91. ಒಂದು ಜನರೇಟರ್, ಐಸ್ ತುಂಬಿದ ಕೂಲರ್ ಏರಿದರೆ ಅದೂ ಹೋಯಿತು. ಹಿಚ್ ಹಗುರಾಗಲೆಂದು ಸಾಮಾನನ್ನು ಟ್ರೇಲರಿನ ಹಿಂಬದಿಗೆ ತಳ್ಳುವುದು ಕೆಟ್ಟ ಉಪಾಯ. ಬಾಲ ಭಾರವಾದ ಟ್ರೇಲರ್ ವೇಗದಲ್ಲಿ ಓಲಾಡತೊಡಗುತ್ತದೆ. ಹಾಗಾದರೆ ಪಿಕಪ್ಪಿನ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ತಿರುಗಿಸಿ ಸರಿಪಡಿಸಲು ಹೋಗಬೇಡಿ. ಆಕ್ಸಿಲರೇಟರ್ ಬಿಟ್ಟು, ಚಾಲಕನ ಕೈಗೆಟಕುವ ಬ್ರೇಕ್ ಕಂಟ್ರೋಲರಿನಿಂದ ಟ್ರೇಲರಿನ ಬ್ರೇಕ್ ಮಾತ್ರ ಕೈಯಲ್ಲಿ ಹಾಕಿ.

ಲೆಕ್ಕ ನಂಬಬೇಡಿ, ತೂಗಿಸಿ. ಟ್ರಕ್ ಸ್ಟಾಪ್‌ಗಳ ಕ್ಯಾಟ್ ಸ್ಕೇಲ್‌ನಲ್ಲಿ (ಆಕ್ಸಲ್‌ಗಳ ಭಾರ ಬೇರೆ ಬೇರೆ ತೋರಿಸುವ ತೂಕದ ಕಟ್ಟೆ) ಮೂರು ಸಲ: ಹಿಚ್‌ನ ಭಾರ ಹಂಚುವ ಸ್ಪ್ರಿಂಗ್ ಬಾರ್‌ಗಳು ಬಿಗಿದಿರುವಾಗ, ಅವನ್ನು ಬಿಚ್ಚಿ, ಕೊನೆಗೆ ಜನ-ಸಾಮಾನು ಹಾಗೇ ಇಟ್ಟುಕೊಂಡು ಪಿಕಪ್ ಒಂದನ್ನೇ. ಎರಡನೆಯದರಲ್ಲಿ ಪಿಕಪ್ಪಿನ ಎರಡು ಆಕ್ಸಲ್‌ಗಳ ಮೊತ್ತದಿಂದ ಮೂರನೆಯದನ್ನು ಕಳೆದರೆ ಹಿಚ್ ಮೇಲಿನ ನಿಜವಾದ ಭಾರ ಸಿಗುತ್ತದೆ.

ಟ್ರೇಲರ್ ಟೈರುಗಳಿಗೆ ಗಾಳಿ ತಣ್ಣಗಿರುವಾಗಲೇ ತುಂಬಿಸಿ. ಟ್ರೇಲರಿಗೆಂದೇ ಮಾಡಿದ ಎಸ್‌ಟಿ ಟೈರುಗಳಲ್ಲಿ ಹಲವಕ್ಕೆ ವೇಗಮಿತಿ ಗಂಟೆಗೆ 65 ಮೈಲಿ. ಚಕ್ರ ಕಳಚಿ ಹಾಕಿದ್ದರೆ 50 ಮೈಲಿ ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿಯಿರಿ.

ಐ-70ರ ಐಸೆನ್‌ಹೋವರ್ ಸುರಂಗ ಸುಮಾರು 11,000 ಅಡಿ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ 3 ಶಕ್ತಿ ಕಳೆದುಕೊಳ್ಳುತ್ತದೆ. ಬಲಗಡೆಯ ಲೇನ್‌ನಲ್ಲಿ ನಿಧಾನ ಹತ್ತುವುದರಲ್ಲಿ ಅವಮಾನವೇನಿಲ್ಲ. ಕಷ್ಟ ಇರುವುದು ಸುರಂಗ ದಾಟಿದ ಮೇಲೆ ಸಿಲ್ವರ್‌ಥಾರ್ನ್ ಪಟ್ಟಣದ ಕಡೆಗಿನ ಶೇ 7ರ ಇಳಿಜಾರಿನಲ್ಲಿ. 10,662 ಅಡಿಯ ವೇಲ್ ಪಾಸ್ ದಾಟಿದ ಮೇಲೂ ಅಂಥದ್ದೇ ಇಳಿತ. ಇಳಿಯುವ ಮೊದಲೇ ಟೋ/ಹಾಲ್ ಮೋಡ್ (ಭಾರ ಎಳೆಯುವಾಗಿನ ಗೇರ್ ವ್ಯವಸ್ಥೆ) ಹಾಕಿ, ಗೇರ್ ಇಳಿಸಿ. ವೇಗ ಏರಿದಾಗ ಬ್ರೇಕ್ ಗಟ್ಟಿಯಾಗಿ ಒತ್ತಿ ಸುಮಾರು 10 ಮೈಲಿ ತಗ್ಗಿಸಿ, ಪೂರ್ತಿ ಬಿಡಿ. ಸದಾ ಕಾಲಿಟ್ಟುಕೊಂಡಿದ್ದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಡೆಡ್ ಹಾರ್ಸ್ ಪಾಯಿಂಟ್‌ಗೆ ನೀರನ್ನು ಟ್ಯಾಂಕರ್‌ನಲ್ಲಿ ತರಿಸುತ್ತಾರೆ, ಅಲ್ಲಿ ಟ್ರೇಲರ್ ಟ್ಯಾಂಕ್ ತುಂಬಿಸಿಕೊಳ್ಳುವಂತಿಲ್ಲ. ಪಾರ್ಕ್‌ಗೆ ತಿರುಗುವ 313ನೇ ರಸ್ತೆ ಮೋಆಬ್ ಪಟ್ಟಣಕ್ಕೆ ಸುಮಾರು 9 ಮೈಲಿ ಮೊದಲೇ ಸಿಗುತ್ತದೆ. ಅದನ್ನು ದಾಟಿ ಮೋಆಬ್‌ಗೆ ಹೋಗಿ ನೀರು ತುಂಬಿಸಿ ಹಿಂದಿರುಗಿ, ಘಾಟಿ ದಾಟುವಾಗ ಹೊತ್ತು ತರುವುದು ಬೇಡ. ಗ್ಯಾಲನ್‌ಗೆ 8.34 ಪೌಂಡಿನಂತೆ 40 ಗ್ಯಾಲನ್ ಎಂದರೆ 334. ಮೇಲಿನ ಟ್ರೇಲರಿನ ಒಟ್ಟು ತೂಕದ ಮಿತಿ 6,500 ಪೌಂಡ್ ಇದ್ದರೆ ಅರ್ಧ ಟ್ಯಾಂಕೇ ಗತಿ. ಟ್ಯಾಂಕ್ ಆಕ್ಸಲ್‌ಗಿಂತ ಮುಂದಿದ್ದರೆ ಆ ನೀರಿನ ಒಂದು ಪಾಲು ಹಿಚ್‌ಗೂ ಬರುತ್ತದೆ, ಉಳಿದ 91ರಲ್ಲಿ ಅದಕ್ಕೆ ಜಾಗ ಬಿಟ್ಟಿರಿ.