ಗುಜರಿಯೊಳಗಿನ ತಾಮ್ರ, ಕಂಬಿಯ ಮೇಲಿನ ಬಿರುಕು

ನಾನು ಬಳ್ಳಾರಿ ಕಡೆಯ ಒಂದು ಉಕ್ಕಿನ ಕಾರ್ಖಾನೆಯ ಸಂಶೋಧನಾ ವಿಭಾಗದಲ್ಲಿ ಮೆಟಲರ್ಜಿಸ್ಟ್. ದೊಡ್ಡ ಬ್ಲಾಸ್ಟ್ ಫರ್ನೇಸ್ ಇರುವ ಕಾರ್ಖಾನೆ ನಮ್ಮದಲ್ಲ. ಗುಜರಿಯನ್ನೂ, ಅದಿರನ್ನು ಕರಗಿಸದೆಯೇ ಮಾಡಿದ ಸ್ಪಾಂಜ್ ಐರನ್ ಅನ್ನುವ ಕಬ್ಬಿಣವನ್ನೂ ಕರೆಂಟಿನ ಆರ್ಕ್ ಫರ್ನೇಸಿನಲ್ಲಿ ಕರಗಿಸುತ್ತೇವೆ. ಬಿಲ್ಲೆಟ್, ಅಂದರೆ ಉಕ್ಕಿನ ಉದ್ದನೆಯ ದಿಮ್ಮಿ, ಎರಕ ಹೊಯ್ಯುತ್ತೇವೆ. ಅದನ್ನು ಮತ್ತೆ ಕಾಯಿಸಿ ಮಿಲ್ಲಿಗೆ ಕೊಟ್ಟು ಕಟ್ಟಡದ ಕಂಬಿ ಮಾಡುತ್ತೇವೆ. ಸಂಶೋಧನೆ ಅಂದರೆ ಏನು ಮಾಡ್ತೀರಿ ಅಂತ ನೆಂಟರು ಕೇಳಿದರೆ "ಗುಜರಿ ನೋಡ್ತೀನಿ" ಅಂತೀನಿ. ತಮಾಷೆ ಅಂದುಕೊಳ್ಳುತ್ತಾರೆ.

ನಮಗೆ ಮೇಲಿನವರಿಂದ ಬರುವ ಬೇಡಿಕೆ ಎರಡೇ. ಕಂಬಿಯ ಬಲ ಹೆಚ್ಚಬೇಕು, ಕಾರ್ಖಾನೆಯಿಂದ ಗಾಳಿಗೆ ಹೋಗುವ ಇಂಗಾಲ ಕಡಿಮೆಯಾಗಬೇಕು.

ಮೊದಲನೆಯದು ಅಷ್ಟು ಕಷ್ಟದ್ದಲ್ಲ. ಅಂಗಡಿಯಲ್ಲಿ ನೀವು ಕೇಳುವ ಎಫ್‌ಇ 500, ಎಫ್‌ಇ 550 ಅನ್ನುವ ಅಂಕಿಗಳು ಐಎಸ್ 1786 ಅನ್ನುವ ಮಾನದಂಡದವು. ಎಷ್ಟು ಮೆಗಾಪಾಸ್ಕಲ್ ಎಳೆತಕ್ಕೆ ಕಂಬಿ ಶಾಶ್ವತವಾಗಿ ಹಿಗ್ಗಲು ಶುರು ಮಾಡುತ್ತದೆ ಅನ್ನುವುದೇ ಆ ಅಂಕಿ. 415ರ ಬದಲು 500ರ ಕಂಬಿ ಹಾಕಿದರೆ, ಬರೀ ಬಲದ ಲೆಕ್ಕದಲ್ಲಿ ನೂರಕ್ಕೆ ಸುಮಾರು 17ರಷ್ಟು ಉಕ್ಕು ಉಳಿಯುತ್ತದೆ. ಕಟ್ಟಡದಲ್ಲಿ ಅಷ್ಟು ಪೂರ್ತಿ ಸಿಗುವುದಿಲ್ಲ, ಆದರೂ ಉಳಿತಾಯ ಉಳಿತಾಯವೇ. ಈ ಬಲ ಬರುವುದು ಹೆಚ್ಚಾಗಿ ನೀರಿನಿಂದ. ಮಿಲ್ಲಿನಿಂದ ಕೆಂಪಗೆ ಹೊರಬರುವ ಕಂಬಿಗೆ ಜೋರಾಗಿ ನೀರು ಹೊಡೆದರೆ ಹೊರಪದರ ಗಡುಸಾಗುತ್ತದೆ, ಒಳಗಿನ ಶಾಖವೇ ಅದನ್ನು ಸ್ವಲ್ಪ ಹದಕ್ಕೆ ತರುತ್ತದೆ, ನಡುಭಾಗ ಮೆತ್ತಗೇ ಉಳಿಯುತ್ತದೆ. ಟಿಎಂಟಿ ಅಂದರೆ ಇಷ್ಟೇ. ಜನ ಬರೀ ಅಂಕಿ ನೋಡಿ ಕೊಳ್ಳುತ್ತಾರೆ. ನಾನಾದರೆ ಪಕ್ಕದ 'ಡಿ' ಅಕ್ಷರ ನೋಡುತ್ತೇನೆ. ಎಫ್‌ಇ 500 ಮುರಿಯುವ ಮೊದಲು ನೂರಕ್ಕೆ 12ರಷ್ಟು ಹಿಗ್ಗಿದರೆ ಸಾಕು. 500ಡಿ 16ರಷ್ಟು ಹಿಗ್ಗಬೇಕು, ಗಂಧಕ ಮತ್ತು ರಂಜಕವೂ ಅದರಲ್ಲಿ ಕಡಿಮೆ ಇರಬೇಕು. ಭೂಕಂಪದಲ್ಲಿ ಮನೆ ನಿಲ್ಲಿಸುವುದು ಈ ಹಿಗ್ಗುವ ಗುಣ.

ಎರಡನೆಯದು ಇಂಗಾಲ. ಅದಿರು, ಕಲ್ಲಿದ್ದಲಿನ ಕೋಕ್ ಹಾಕಿ ಬ್ಲಾಸ್ಟ್ ಫರ್ನೇಸಿನ ದಾರಿಯಲ್ಲಿ ಒಂದು ಟನ್ ಉಕ್ಕು ಮಾಡಿದರೆ ಜಾಗತಿಕ ಸರಾಸರಿಯಲ್ಲಿ ಸುಮಾರು 2.3 ಟನ್ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಗುಜರಿಯನ್ನು ಕರೆಂಟಿನಿಂದ ಕರಗಿಸಿದರೆ ಸುಮಾರು 0.7 ಟನ್. ನಮ್ಮ ದೇಶದಲ್ಲಿ ಕರೆಂಟೇ ಬಹುಪಾಲು ಕಲ್ಲಿದ್ದಲಿನದ್ದು, ಹಾಗಾಗಿ ಲೆಕ್ಕ ಸ್ವಲ್ಪ ಏರುತ್ತದೆ. 2024ರ ಡಿಸೆಂಬರಿನಲ್ಲಿ ಕೇಂದ್ರ ಉಕ್ಕು ಸಚಿವಾಲಯ ಹಸಿರು ಉಕ್ಕು ಅಂದರೆ ಏನು ಅಂತ ಅಂಕಿ ಕೊಟ್ಟು ಹೇಳಿತು. ಒಂದು ಟನ್ ತಯಾರಾದ ಉಕ್ಕಿಗೆ 2.2 ಟನ್ನಿಗಿಂತ ಕಡಿಮೆ ಇದ್ದರೆ ಹಸಿರು, 1.6ಕ್ಕಿಂತ ಕಡಿಮೆ ಇದ್ದರೆ ಐದು ಸ್ಟಾರ್. ಅಂದಿನಿಂದ ನಮ್ಮ ಮೀಟಿಂಗುಗಳಲ್ಲಿ ಎಲ್ಲರ ಬಾಯಲ್ಲೂ ಸ್ಟಾರ್‌ಗಳೇ. ಗುಜರಿ ಜಾಸ್ತಿ ಹಾಕಿ, ಸ್ಟಾರ್ ಬರುತ್ತದೆ. ಕೇಳಲು ಸುಲಭ ಅಲ್ವಾ?

ಗುಜರಿಯ ಜೊತೆ ತಾಮ್ರ ಬರುತ್ತದೆ. ಮೋಟರಿನ ವೈಂಡಿಂಗ್, ವೈರು, ಫ್ರಿಜ್ಜಿನ ಕಂಪ್ರೆಸರ್. ಒಂದು ಸಾಧಾರಣ ಪೆಟ್ರೋಲ್ ಕಾರಿನಲ್ಲೇ ಸುಮಾರು 20 ಕಿಲೋ ತಾಮ್ರ ಇರುತ್ತದೆ. ಫರ್ನೇಸಿನಲ್ಲಿ ಆಮ್ಲಜನಕ ಊದಿದಾಗ ಸಿಲಿಕಾನ್, ಮ್ಯಾಂಗನೀಸ್, ರಂಜಕ ಎಲ್ಲ ಸುಟ್ಟು ಸ್ಲ್ಯಾಗಿಗೆ, ಅಂದರೆ ಮೇಲೆ ತೇಲುವ ಕಿಟ್ಟಕ್ಕೆ, ಹೋಗುತ್ತವೆ. ತಾಮ್ರ ಹೋಗುವುದಿಲ್ಲ. ಆಮ್ಲಜನಕದ ಮೇಲೆ ಅದಕ್ಕಿಂತ ಕಬ್ಬಿಣಕ್ಕೇ ಆಸೆ ಜಾಸ್ತಿ, ಆದ್ದರಿಂದ ಮೊದಲು ಸುಡುವುದು ಕಬ್ಬಿಣ. ತವರದ ಕಥೆಯೂ ಹೆಚ್ಚು ಕಡಿಮೆ ಇದೇ. ಸಾರಿಗೆ ಉಪ್ಪು ಜಾಸ್ತಿ ಬಿದ್ದ ಹಾಗೆ. ತೆಗೆಯಲಾಗದು, ನೀರು ಬೆರೆಸಬೇಕು ಅಷ್ಟೇ.

ತಾಮ್ರ ಯಾವಾಗಲೂ ಕೆಟ್ಟದ್ದೇನಲ್ಲ. ತುಕ್ಕು ತಡೆಯುವ ವೆದರಿಂಗ್ ಸ್ಟೀಲಿಗೆ ಅದನ್ನು ಬೇಕಂತಲೇ ಹಾಕುತ್ತಾರೆ. ತೊಂದರೆ ಬರುವುದು ಬಿಲ್ಲೆಟ್ಟನ್ನು ಮತ್ತೆ ಕಾಯಿಸುವಾಗ.

ಒಮ್ಮೆ 550ಡಿ ರೋಲ್ ಮಾಡುವಾಗ ಕಂಬಿಯ ಮೇಲೆ ಮೀನಿನ ಹುರುಪೆಯಂಥ ಬಿರುಕು ಬಂತು. ಮಾಮೂಲಿನಂತೆ ಮಿಲ್ಲಿನವರು ಎರಕದವರನ್ನು ಬೈದರು, ಎರಕದವರು ಮಿಲ್ಲಿನವರನ್ನು. ಉಕ್ಕಿನಲ್ಲಿ ಯಾವುದು ಎಷ್ಟಿದೆ ಅಂತ ಹೇಳುವ ಸ್ಪೆಕ್ಟ್ರೋ ರಿಪೋರ್ಟಿನಲ್ಲಿ ತಾಮ್ರ ಕಾರ್ಖಾನೆ ಇಟ್ಟುಕೊಂಡ ಮಿತಿಯೊಳಗೇ ಇತ್ತು. ಅಷ್ಟೇ ತಾಮ್ರದ ಬೇರೆ ಹೀಟ್‌ಗಳು (ಒಂದು ಸಲಕ್ಕೆ ಕರಗಿಸಿದ ಉಕ್ಕಿಗೆ ಹೀಟ್ ಅಂತೀವಿ) ಒಂದು ಗೀರೂ ಇಲ್ಲದೆ ಹೋಗಿದ್ದವು. ತುಂಡು ಕತ್ತರಿಸಿ, ಪಾಲಿಶ್ ಮಾಡಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಆಸಿಡ್ ಹಚ್ಚುವ ಮೊದಲೇ ಕಂಡಿತು. ಮೇಲಿನ ಸುಟ್ಟ ಪದರದ, ಅಂದರೆ ಸ್ಕೇಲಿನ, ಕೆಳಗೆ ಹೊಂಬಣ್ಣದ ತೆಳು ಗೆರೆ, ಅಲ್ಲಿಂದ ಕಣಗಳ ಸಂದಿಗಳಿಗೆ ಇಳಿದಿತ್ತು.

ಆಗುವುದು ಹೀಗೆ. ಕಾಯಿಸುವ ಫರ್ನೇಸಿನಲ್ಲಿ ಬಿಲ್ಲೆಟ್ಟಿನ ಮೇಲ್ಮೈಯ ಕಬ್ಬಿಣ ಗಾಳಿಗೆ ಸುಟ್ಟು ಸ್ಕೇಲ್ ಆಗುತ್ತದೆ. ತಾಮ್ರ ಸುಡುವುದಿಲ್ಲ, ಸ್ಕೇಲಿನ ಅಡಿಯಲ್ಲಿ ಕೂಡುತ್ತಾ ಹೋಗುತ್ತದೆ. ತಾಮ್ರ ಕರಗುವುದು 1085 ಡಿಗ್ರಿಗೆ. ಫರ್ನೇಸ್ ಅದಕ್ಕಿಂತ ಬಿಸಿ. ಕರಗಿದ ತಾಮ್ರ ಕಣಗಳ ನಡುವೆ ನುಸುಳುತ್ತದೆ, ರೋಲು ಒತ್ತಿದ ಕೂಡಲೇ ಅಲ್ಲಿ ಬಿಡುತ್ತದೆ. ಅವತ್ತು ಮಿಸ್‌ರೋಲ್ ಆಗಿ, ಅಂದರೆ ಕಂಬಿ ದಾರಿ ತಪ್ಪಿ ಸಿಕ್ಕಿಕೊಂಡು, ಮಿಲ್ ತುಂಬಾ ಹೊತ್ತು ನಿಂತಿತ್ತು. ಬಿಲ್ಲೆಟ್‌ಗಳು ಪೂರ್ತಿ ಬಿಸಿಯಲ್ಲೇ ಕೂತಿದ್ದವು, ಸ್ಕೇಲು ದಪ್ಪವಾಗಿತ್ತು. ಜೊತೆಗೆ ಆ ಹೀಟಿನಲ್ಲಿ ತವರವೂ ಸ್ವಲ್ಪ ಜಾಸ್ತಿ. ತವರ ಇದ್ದರೆ ಬಿಸಿ ಕಬ್ಬಿಣ ತನ್ನೊಳಗೆ ಹಿಡಿದಿಟ್ಟುಕೊಳ್ಳುವ ತಾಮ್ರ ಇನ್ನೂ ಕಡಿಮೆಯಾಗುತ್ತದೆ.

ಅಂದರೆ ತಾಮ್ರದ ಮಿತಿಗೆ ಒಂದೇ ಅಂಕಿ ಇಟ್ಟುಕೊಂಡರೆ ಆಗದು. ಎಷ್ಟು ಬಿಸಿ, ಎಷ್ಟು ಹೊತ್ತು, ಜೊತೆಗೆ ಎಷ್ಟು ತವರ, ಎಷ್ಟು ನಿಕ್ಕಲ್, ಎಲ್ಲ ಸೇರಿ ಆ ಮಿತಿ ಸರಿಯುತ್ತಿರುತ್ತದೆ. ನಿಕ್ಕಲ್ ಹಾಕಿದರೆ ಬಿರುಕು ತಗ್ಗುತ್ತದೆ ಅಂತ ಪಠ್ಯಪುಸ್ತಕ ಹೇಳುತ್ತದೆ, ನಿಜವೂ ಹೌದು. ಆದರೆ ಕಟ್ಟಡದ ಕಂಬಿಯ ರೇಟಿಗೆ ನಿಕ್ಕಲ್ ಹಾಕುವ ಮಾತು ನಮ್ಮ ಲೆಕ್ಕಪತ್ರದವರ ಮುಂದೆ ಆಡಬೇಡಿ.

ಮಿಲ್ ನಿಂತರೆ ಫರ್ನೇಸಿನ ಬಿಸಿ 1085ಕ್ಕಿಂತ ಸಾಕಷ್ಟು ಕೆಳಗೆ ಇಳಿಸಿ ಅಂದೆ. ಮಿಲ್ಲಿನ ಇನ್‌ಚಾರ್ಜ್ ನಕ್ಕುಬಿಟ್ಟರು. "ಮೇಡಂ, ನಿಮ್ಮ ಮೈಕ್ರೋಸ್ಕೋಪು ಟನ್ನು ಕೊಡುತ್ತಾ?" ಮತ್ತೆ ಬಿಸಿ ಏರಿಸುವ ತನಕ ಉತ್ಪಾದನೆ ನಿಲ್ಲುತ್ತದೆ, ಅವರ ಸಿಟ್ಟೂ ನ್ಯಾಯವೇ. ತಾಮ್ರದ ಫೋಟೋ ತೋರಿಸಿ ಅವರನ್ನು ಒಪ್ಪಿಸಲು ಆಗಲಿಲ್ಲ. ಬಿಸಿಯಲ್ಲಿ ನಿಂತಷ್ಟೂ ಒಳ್ಳೆಯ ಉಕ್ಕು ಸ್ಕೇಲಾಗಿ ಉದುರಿ ಹೋಗುತ್ತದೆ, ಅದನ್ನು ತೂಕ ಹಾಕಿ ತೋರಿಸಿದೆವು. ಜೊತೆಗೆ ಉಳಿಯುವ ಇಂಧನದ ಲೆಕ್ಕ. ಅದು ಅವರ ಟನ್ನಿನ ಮಾತು, ಒಪ್ಪಿದರು. ನನ್ನ ಕೆಲಸದಲ್ಲಿ ಅರ್ಧ ಭಾಗ ಇದೇ. ಕಂಡುಹಿಡಿದದ್ದನ್ನು ಕೇಳುವವರ ಲೆಕ್ಕಕ್ಕೆ ಇಳಿಸಿ ಹೇಳುವುದು. ಕಾಲೇಜಿನಲ್ಲಿ ಇದಕ್ಕೊಂದು ಪೇಪರ್ ಇದ್ದಿದ್ದರೆ ಚೆನ್ನಾಗಿತ್ತು.

ಇದಿಷ್ಟು ಬಿರುಕಿಗೆ ಮದ್ದು. ತಾಮ್ರವೇ ಒಳಗೆ ಬರದಂತೆ ಮಾಡುವುದು ಹೇಗೆ ಅಂತ ಗುಜರಿ ಅಂಗಳಕ್ಕೆ ಹೋದೆ. ಕೈಯಲ್ಲಿ ಎಕ್ಸ್‌ಆರ್‌ಎಫ್ ಗನ್. ಲೋಹದಲ್ಲಿ ಏನೇನಿದೆ ಅಂತ ಎಕ್ಸ್-ರೇಯಿಂದ ತೋರಿಸುವ ಸಾಧನ ಅದು. ಅಂಗಳದ ಮೇಸ್ತ್ರಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಮೇಡಂ, ಆ ಗನ್ನು ಮ್ಯಾಲಿಂದ ಮ್ಯಾಲೆ ನೋಡ್ತೈತ್ರಿ. ಒಳಗಿಂದು ನಾವ್ ನೋಡ್ಬೇಕು." ಆಮೇಲೆ ಹೇಳಿದರು, "ತಾಮ್ರದ ರೇಟು ಏರಿದ್ರ ಗುಜರಿ ಚೊಕ್ಕ ಬರ್ತೈತ್ರಿ. ಇಳಿದ್ರ ವೈರ್ ಸಮೇತ ಬರ್ತೈತಿ." ಹೌದಲ್ಲ, ತಾಮ್ರಕ್ಕೆ ಬೆಲೆ ಬಂದರೆ ಬೀದಿಯ ಗುಜರಿಯವರೇ ಅದನ್ನು ಬಿಚ್ಚಿ ಮಾರಿಕೊಳ್ಳುತ್ತಾರೆ. ನಾನು ಹಳೆಯ ಹೀಟ್‌ಗಳ ಅಂಕಿ ತೆಗೆದು ರೇಟಿನ ಪಕ್ಕ ಇಟ್ಟು ನೋಡಿದೆ. ಸುತ್ತಮುತ್ತಲ ಊರಿನ ಗುಜರಿಯ ಮಟ್ಟಿಗೆ ಅವರ ಮಾತಿನಲ್ಲಿ ಹುರುಳಿತ್ತು. ಹೊರದೇಶದಿಂದ ಬರುವ ಶ್ರೆಡೆಡ್ ಗುಜರಿಗೆ ಹೊಂದಲಿಲ್ಲ. ಅಲ್ಲಿ ಕಾರನ್ನು ಯಂತ್ರಕ್ಕೆ ಹಾಕಿ ಚೂರು ಮಾಡಿ ಆಯಸ್ಕಾಂತದಿಂದ ಎತ್ತುತ್ತಾರೆ. ಮೋಟರಿನ ಕಬ್ಬಿಣಕ್ಕೆ ಸುತ್ತಿಕೊಂಡ ತಾಮ್ರವೂ ಜೊತೆಗೇ ಬಂದುಬಿಡುತ್ತದೆ. ನಮ್ಮ ಕೈಕೆಲಸದ ಗುಜರಿ ಕೆಲವು ಸಲ ಅದಕ್ಕಿಂತ ಚೊಕ್ಕ. ಲೇತ್ ಮಷಿನ್ನಿನಿಂದ ಉದುರುವ ಸಿಪ್ಪೆ, ಅಂದರೆ ಟರ್ನಿಂಗ್, ಮಾತ್ರ ನಂಬಬೇಡಿ, ಹಿತ್ತಾಳೆ ಚೂರು ಎಲ್ಲಿ ಅಡಗಿದೆ ಅಂತ ಗೊತ್ತಾಗುವುದಿಲ್ಲ.

ಆಮೇಲೆ ಕೂತು ಹಾಕಿದ ಒಂದು ಲೆಕ್ಕ ನನ್ನ ಕೆಲಸದ ದಿಕ್ಕನ್ನೇ ಬದಲಿಸಿತು. 50 ಟನ್ನಿನ ಒಂದು ಹೀಟ್ ಅಂದುಕೊಳ್ಳಿ. ತಾಮ್ರ ನೂರಕ್ಕೆ 0.3 ಬರುವ ಹಾಗಿದೆ, 0.2ಕ್ಕೆ ಇಳಿಸಬೇಕು. ಎರಡು ದಾರಿ. ಒಂದು, ಸ್ಪಾಂಜ್ ಐರನ್ ಬೆರೆಸುವುದು. ಅದು ನೇರವಾಗಿ ಅದಿರಿನಿಂದ ಬಂದದ್ದು, ತಾಮ್ರ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಗುಜರಿಯ ಮೂರನೇ ಒಂದು ಪಾಲು ತೆಗೆದು ಸ್ಪಾಂಜ್ ಹಾಕಬೇಕು, ಅಂದರೆ ಹತ್ತಿರ ಹತ್ತಿರ 17 ಟನ್. ಎರಡು, ಕರಗಿಸುವ ಮೊದಲೇ 50 ಕಿಲೋ ತಾಮ್ರ ಕೈಯಿಂದ ಆರಿಸಿ ತೆಗೆಯುವುದು.

ಸ್ಪಾಂಜ್ ಐರನ್ ಮಾಡುವುದರಲ್ಲಿ ಭಾರತ ಜಗತ್ತಿಗೇ ಮೊದಲು. ಬಳ್ಳಾರಿ, ಕೊಪ್ಪಳದ ರಸ್ತೆಗಳಲ್ಲಿ ಓಡಾಡಿದವರಿಗೆ ಅದಿರು ಕಾಯಿಸುವ ಆ ಕಿಲ್ನ್‌ಗಳ ಪರಿಚಯ ಇದ್ದೇ ಇರುತ್ತದೆ. ಬಹುಪಾಲು ಕಲ್ಲಿದ್ದಲಿನಿಂದಲೇ ಮಾಡುತ್ತಾರೆ. ಅದರಲ್ಲಿ ಮಣ್ಣಿನಂಶ ಇರುವುದರಿಂದ ಸ್ಲ್ಯಾಗೂ ಜಾಸ್ತಿ, ಕರೆಂಟೂ ಜಾಸ್ತಿ, ರಂಜಕದ ಕಾಟ ಬೇರೆ. ಹೀಗೆ ತಾಮ್ರ ಇಳಿಸಲು ಹೋದರೆ ಇಂಗಾಲ ಏರುತ್ತದೆ. ಬಿರುಕಿಲ್ಲದ ಬಲವಾದ ಕಂಬಿಯ ಬೇಡಿಕೆಯೂ ಇಂಗಾಲದ ಬೇಡಿಕೆಯೂ ಡಿಕ್ಕಿ ಹೊಡೆಯುವುದು ಇಲ್ಲೇ. 50 ಕಿಲೋ ತಾಮ್ರ ಆರಿಸಿದರೆ ಆ 17 ಟನ್ ಸ್ಪಾಂಜೂ ಬೇಡ, ಅದರ ಹಿಂದಿನ ಕಲ್ಲಿದ್ದಲೂ ಬೇಡ. ಆರಿಸಿದ ತಾಮ್ರ ಮಾರಿದರೆ ದುಡ್ಡು.

ಮತ್ಯಾಕೆ ಯಾರೂ ಆರಿಸುತ್ತಿರಲಿಲ್ಲ? ಅಂಗಳದವರಿಗೆ ಕೂಲಿ ಇದ್ದದ್ದು ಇಳಿಸಿದ ಟನ್ನಿನ ಲೆಕ್ಕಕ್ಕೆ. ಮೋಟರಿನ ತಂತಿ ಸುತ್ತಿದ ಭಾಗ, ಒಂದು ಆರ್ಮೇಚರ್, ಬಿಚ್ಚುತ್ತಾ ಕೂತರೆ ಅವತ್ತಿನ ಸಂಬಳಕ್ಕೇ ಕತ್ತರಿ. ಇದನ್ನು ಯಾವ ಮೈಕ್ರೋಸ್ಕೋಪೂ ನನಗೆ ತೋರಿಸುತ್ತಿರಲಿಲ್ಲ, ಮೇಸ್ತ್ರಿ ಹೇಳಿದ್ದು. ನಾನು ಬರೆದುಕೊಟ್ಟ ಪ್ರಸ್ತಾಪದ ತಿರುಳು ಇಷ್ಟೇ. ಆರಿಸಿದ ತಾಮ್ರಕ್ಕೆ ಕಿಲೋ ಲೆಕ್ಕದಲ್ಲಿ ಭತ್ಯೆ ಕೊಡಿ, ಗ್ಲೌಸ್ ಮತ್ತು ಕಟರ್ ಕೊಡಿ, ವೈರ್ ಸುಟ್ಟು ತಾಮ್ರ ತೆಗೆಯುವುದನ್ನು ಪೂರ್ತಿ ನಿಲ್ಲಿಸಿ. ಆ ಹೊಗೆ ಕುಡಿಯುವವರು ಅವರೇ. ಸಂಶೋಧನಾ ವರದಿಯಲ್ಲಿ ಕೂಲಿಯ ಮಾತು ಯಾಕೆ ಅಂತ ಒಬ್ಬ ಹಿರಿಯರು ಕೇಳಿದರು. ಮೊದಲು ಒಂದು ಶಿಫ್ಟಿಗೆ ಮಾತ್ರ ಒಪ್ಪಿಗೆ ಸಿಕ್ಕಿತು, ಆಮೇಲೆ ಎಲ್ಲ ಶಿಫ್ಟಿಗೂ ಬಂತು. ಈಗ ಲಾರಿ ಯಾವ ಊರಿಂದ ಬಂತು, ಯಾವ ಜಾತಿಯ ಗುಜರಿ ಅಂತ ಬರೆದಿಟ್ಟು, ಹೀಟಿನ ತಾಮ್ರ ಮತ್ತು ತವರದ ಅಂಕಿಗೆ ಜೋಡಿಸುತ್ತೇವೆ. ಒಳ್ಳೆಯ ಗುಜರಿ ಡಿ ಗ್ರೇಡಿಗೆ, ಉಳಿದದ್ದು ಸಾಧಾರಣ ಗ್ರೇಡಿಗೆ.

ಜಲಜನಕದ ಕಥೆ ಏನು ಅಂತ ಕಾಲೇಜಿನ ಹುಡುಗರು ಕೇಳುತ್ತಿರುತ್ತಾರೆ. ಸ್ವೀಡನ್ನಿನ ಹೈಬ್ರಿಟ್ ಯೋಜನೆ ಕಲ್ಲಿದ್ದಲಿನ ಬದಲು ಜಲಜನಕದಿಂದ ಅದಿರನ್ನು ಸ್ಪಾಂಜ್ ಮಾಡಿ ತೋರಿಸಿದೆ, 2021ರಲ್ಲಿ ಆ ಉಕ್ಕು ವೋಲ್ವೋಗೆ ಹೋಯಿತು. ದಾರಿ ಸರಿಯಾದದ್ದೇ. ಆದರೆ ಒಂದು ಟನ್ ಕಬ್ಬಿಣಕ್ಕೆ ಸುಮಾರು 55 ಕಿಲೋ ಜಲಜನಕ ಬೇಕು, ನೀರಿನಿಂದ ಒಂದು ಕಿಲೋ ಜಲಜನಕ ತೆಗೆಯಲು ಸುಮಾರು 50 ಯೂನಿಟ್ ಕರೆಂಟು. ಅಲ್ಲಿಗೇ 2,750 ಯೂನಿಟ್. ಒಂದು ಟನ್ ಗುಜರಿ ಕರಗಿಸಲು 400ರಿಂದ 500 ಸಾಕು. ಕಲ್ಲಿದ್ದಲಿನ ಬದಲು ಇದ್ದಿಲು ಅನ್ನುವ ಮಾತೂ ಈಗ ಮತ್ತೆ ಕೇಳಿಬರುತ್ತಿದೆ, ಹೊಸದು ಅನ್ನುವಂತೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ್ದೇ ಮಲೆನಾಡಿನ ಮರದ ಇದ್ದಿಲಿನಿಂದ. ಬೆಳೆಯ ಕಡ್ಡಿ, ತೆಂಗಿನ ಚಿಪ್ಪಿನಿಂದ ಮಾಡುವುದಾದರೆ ಸರಿ, ಕಾಡಿನ ಮರ ಮತ್ತೆ ಬೇಡ.

ನನಗೆ ಈಗ ಚಿಂತೆ ಇರುವುದು ಎಲೆಕ್ಟ್ರಿಕ್ ಗಾಡಿಗಳ ಬಗ್ಗೆ. ಅವುಗಳಲ್ಲಿ ತಾಮ್ರ ಪೆಟ್ರೋಲ್ ಕಾರಿಗಿಂತ ಹಲವು ಪಟ್ಟು. ಇವತ್ತು ಓಡುತ್ತಿರುವವು ಕೆಲವು ವರ್ಷಗಳಲ್ಲಿ ನಮ್ಮ ಅಂಗಳಕ್ಕೆ ಬರುತ್ತವೆ. ಅಂಥ ಕೆಲವು ಹಳೆಯ ಮೋಟರುಗಳನ್ನು ತರಿಸಿ, ಬಿಚ್ಚಲು ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ಕಟರ್ ಬೇಕು ಅಂತ ಮೇಸ್ತ್ರಿಯ ಜೊತೆ ನೋಡುತ್ತಿದ್ದೇನೆ. ರೋಟರಿನೊಳಗಿನ ಆಯಸ್ಕಾಂತ ಕಟರನ್ನೇ ಹಿಡಿದುಕೊಳ್ಳುತ್ತದೆ, ಅದಕ್ಕೆ ಸದ್ಯ ಮರದ ಗೂಟ ಹಾಕಿ ಬಿಡಿಸುತ್ತಿದ್ದಾರೆ. ಬೇರೆ ಕಾರ್ಖಾನೆಗಳಲ್ಲಿ ಇದನ್ನು ಮಾಡುತ್ತಿರುವವರು ಇದ್ದರೆ ಹೇಳಿ, ಬಂದು ನೋಡುತ್ತೇನೆ.